ಬೀಟೆಯ ಪೀಠ, ಹಲಸಿನ ಗೆರೆ: ಒಂದು ಗ್ಯಾರಾರ್ಡ್ 401ರ ಮರುಪಾಲಿಷ್

ದೊಡ್ಡಪ್ಪನವರ ರೆಕಾರ್ಡ್ ಪ್ಲೇಯರ್ ನನ್ನ ಕೆಲಸದ ಮೇಜಿಗೆ ಬಂದದ್ದು ಜೂನ್ ತಿಂಗಳ ಎರಡನೆಯ ವಾರದಲ್ಲಿ. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಪಾಲಿಷ್ ಮಾಡುವವನಿಗೆ, ಗಾಳಿಯ ತೇವದ ದೆಸೆಯಿಂದ, ಅದಕ್ಕಿಂತ ಕೆಟ್ಟ ಕಾಲ ಬೇರೆ ಇಲ್ಲ. ಆದರೆ 84 ವರ್ಷದ ಹಿರಿಯರಿಗೆ "ಮಳೆ ನಿಲ್ಲಲಿ, ದೀಪಾವಳಿ ಕಳೆಯಲಿ" ಎಂದು ಹೇಳಲು ನನಗೆ ನಾಲಿಗೆ ಏಳಲಿಲ್ಲ. "ಯಂತ್ರ ಚೆನ್ನಾಗಿಯೇ ಹಾಡುತ್ತದಪ್ಪ. ಪೆಟ್ಟಿಗೆಯನ್ನು ಮಾತ್ರ ನೋಡಲಾಗುತ್ತಿಲ್ಲ. ಕೈ ಇಟ್ಟರೆ ಅಂಟುತ್ತದೆ" ಎಂದರು ಅವರು.

ಹಳೆಯ ಪ್ಲೇಯರುಗಳ ಮರಕ್ಕೆ ಯಂತ್ರದಿಂದ ಉಪ್ಪುಕಾಗದ ಹೊಡೆಸಿ, ಮೇಲೆ ಗಾಜಿನಂಥ ಪಾಲಿಷ್ ಸಿಂಪಡಿಸಿ, ಹೊಸದಾಯಿತೆಂದು ಸಂತೋಷಪಡುವವರನ್ನು ಹಲವು ಸಲ ನೋಡಿದ್ದೇನೆ. ಪ್ರತಿ ಸಲವೂ ಹೊಟ್ಟೆ ಉರಿದಿದೆ. ಉಪ್ಪುಕಾಗದ ಮುಟ್ಟದೆ ಈ ಕೆಲಸ ಆಗುತ್ತದೆ ಎಂಬುದನ್ನು, ನನ್ನ ಕೈ ತಪ್ಪಿದ ಜಾಗವನ್ನೂ ಸೇರಿಸಿಕೊಂಡು, ಮೊದಲಿನಿಂದ ಕೊನೆಯವರೆಗೆ ಬರೆದಿಡುತ್ತಿದ್ದೇನೆ.

ಯಂತ್ರ ಗ್ಯಾರಾರ್ಡ್ 401. ಇಂಗ್ಲೆಂಡಿನ ಸ್ವಿಂಡನ್ ಊರಿನ ಕಾರ್ಖಾನೆಯಿಂದ 1965ರಲ್ಲಿ ಹೊರಬಂದ ಮಾದರಿ. ಅದಕ್ಕೆ ರೂಪ ಕೊಟ್ಟವರು ಎರಿಕ್ ಮಾರ್ಷಲ್. ಇದರಲ್ಲಿ ಬೆಲ್ಟ್ ಇಲ್ಲ. ಮೋಟಾರಿನ ಪುಲ್ಲಿಗೂ ತಿರುಗುವ ತಟ್ಟೆಯ ಒಳ ಅಂಚಿಗೂ ನಡುವೆ ಒಂದು ರಬ್ಬರ್ ಚಕ್ರ ಒತ್ತಿಕೊಂಡು ತಟ್ಟೆಯನ್ನು ತಿರುಗಿಸುತ್ತದೆ. ನಿಮಿಷಕ್ಕೆ 33, 45, 78 ಸುತ್ತುಗಳ ಮೂರು ವೇಗಗಳೂ ಇವೆ. ಆ ಕಾಲದಲ್ಲಿ ಇದನ್ನು ಕೊಂಡವರಿಗೆ ಸಿಗುತ್ತಿದ್ದದ್ದು ಮೋಟಾರು, ತಟ್ಟೆ, ಎರಡನ್ನೂ ಹೊತ್ತ ಲೋಹದ ಫಲಕ, ಇಷ್ಟೇ. ಮುಳ್ಳನ್ನು ಹಿಡಿಯುವ ಟೋನ್ ಆರ್ಮನ್ನೂ ಇಡೀ ಯಂತ್ರ ಕೂರುವ ಮರದ ಪೀಠವನ್ನೂ ಕೊಂಡವರೇ ಹೊಂದಿಸಿಕೊಳ್ಳಬೇಕಿತ್ತು.

ದೊಡ್ಡಪ್ಪ 1970ರಲ್ಲಿ ಇಂಗ್ಲೆಂಡಿನಲ್ಲಿ ಓದು ಮುಗಿಸಿ ಹಿಂದಿರುಗುವಾಗ ಯಂತ್ರದ ಜೊತೆಗೆ ಎಸ್‌ಎಂಇ 3009 ಟೋನ್ ಆರ್ಮನ್ನೂ ತಂದರು. ಪೀಠ ತಯಾರಾದದ್ದು ಮರುವರ್ಷ ಮೈಸೂರಿನಲ್ಲಿ, ಬೀಟೆ ಮರದಲ್ಲಿ ಕುಸುರಿ ಕೂರಿಸುವ ಕಸುಬಿನವರೊಬ್ಬರ ಕೈಯಲ್ಲಿ. ಸಾಗುವಾನಿಯ ಚೌಕಟ್ಟು, ಮೇಲೆ ಪ್ಲೈವುಡ್ ಹಲಗೆ, ಹಿಂಬದಿಯೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಬೀಟೆಯ ತೆಳು ಹಾಳೆ. ಮೇಲ್ಭಾಗದಲ್ಲಿ ಅಂಚಿನಿಂದ ಮುಕ್ಕಾಲು ಅಂಗುಲ ಒಳಗೆ, ಸುತ್ತಲೂ, ಹಲಸಿನ ಮರದ ಒಂದು ಹಳದಿ ಗೆರೆ. ಅಗಲ ಮೂರೇ ಮಿಲಿಮೀಟರ್. ಮೈಸೂರು ಕುಸುರಿಯೆಂದರೆ ಎಲ್ಲರೂ ನಿರೀಕ್ಷಿಸುವ ಆನೆ, ನವಿಲು, ಅಂಬಾರಿ ಯಾವುದೂ ಇಲ್ಲ. ಆ ಒಂದು ಗೆರೆಯಲ್ಲಿ ಇಡೀ ಪೆಟ್ಟಿಗೆ ಎದ್ದು ನಿಲ್ಲುತ್ತದೆ. ಇನ್ನೊಂದು 401 ಬೇಕೆಂದು ಹುಡುಕಿದರೆ ಸಿಕ್ಕೀತು. ಆ ಪೀಠ ಇರುವುದು ಒಂದೇ.

ಕೈಗೆ ಬಂದಾಗ

ಮೊದಲ ದಿನ ಏನನ್ನೂ ಮುಟ್ಟಲಿಲ್ಲ. ಕಿಟಕಿಯ ಓರೆ ಬೆಳಕಿನಲ್ಲಿಟ್ಟು ನೋಡಿದೆ, ನಾಲ್ಕೂ ಕಡೆಯಿಂದ ಫೋಟೋ ತೆಗೆದೆ. ಮೇಲೆಲ್ಲ ಕಂದು ಬಣ್ಣದ ದಪ್ಪ ವಾರ್ನಿಷ್. ಬ್ರಷ್ಷಿನ ಎರಡು ಕೂದಲು ಅದರೊಳಗೇ ಹುದುಗಿ ಒಣಗಿದ್ದವು. ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕುಬಿಟ್ಟಿತ್ತು. ಬಿರುಕುಗಳಲ್ಲಿ ಧೂಳು ಕುಳಿತಿತ್ತು. ಹಲಸಿನ ಗೆರೆ ಅಲ್ಲಿದೆಯೆಂದು ಗೊತ್ತಿದ್ದವರಿಗೆ ಮಾತ್ರ ಕಾಣುವಷ್ಟು ಮಂಕಾಗಿತ್ತು. ಟೋನ್ ಆರ್ಮಿನ ಮುಂದೆ ಎರಡು ಬಿಳಿ ಉಂಗುರಗಳು, ಸರಿಯಾಗಿ ಕಾಫಿ ಲೋಟದ ತಳದ ಅಳತೆಯವು. ಎಡ ಮುಂದಿನ ಮೂಲೆಯಲ್ಲಿ ಬೀಟೆಯ ಹಾಳೆ ಉಗುರು ತೂರುವಷ್ಟು ಬಾಯಿ ಬಿಟ್ಟಿತ್ತು. ಬಲ ಹಿಂದಿನ ಮೂಲೆಯಲ್ಲಿ ರೂಪಾಯಿ ನಾಣ್ಯದಗಲದ ಜಾಗದಲ್ಲಿ ಬೀಟೆಯೇ ಇರಲಿಲ್ಲ. ಕಂದು ಬಣ್ಣ ಬಳಿದ ಬರೀ ಪ್ಲೈವುಡ್. ಹಿಂಬದಿಯ ಸಾಗುವಾನಿಯಲ್ಲಿ, ಮುಚ್ಚಳದ ಕೀಲಿಗೆ ಹಾಕಿದ್ದ ಕಬ್ಬಿಣದ ತಿರುಪುಗಳ ಸುತ್ತ ಮಸಿಯಂಥ ಕಲೆ.

ಮರದ ವೈದ್ಯ ಮಾಡುವವನಿಗೆ ಮನೆಯವರ ನೆನಪು ಅರ್ಧ ಔಷಧ. ದೊಡ್ಡಪ್ಪ ನೆನಪಿಸಿಕೊಂಡು ಹೇಳಿದರು: 1996ರ ಸುಮಾರಿಗೆ ಮನೆಗೆ ಸುಣ್ಣಬಣ್ಣ ಮಾಡಿಸಿದಾಗ ಬಾಗಿಲುಗಳಿಗೆ ವಾರ್ನಿಷ್ ಹೊಡೆಯುತ್ತಿದ್ದವರು, "ಇದಕ್ಕೂ ಒಂದು ಕೈ ಹೊಡೆದುಬಿಡುತ್ತೇನೆ ಸಾರ್" ಎಂದು ಪ್ರೀತಿಯಿಂದಲೇ ಹೊಡೆದುಕೊಟ್ಟರಂತೆ. ಹೊಡೆಯುವ ಮೊದಲು ಉಜ್ಜಿದ್ದರಂತೆ. ಬಲ ಹಿಂದಿನ ಮೂಲೆಯ ಬೀಟೆ ಹೋದದ್ದು ಆಗ. ಬಾಗಿಲಿನ ಮರ ಒಂದೂವರೆ ಅಂಗುಲ ದಪ್ಪ. ಅದಕ್ಕೆ ಉಪ್ಪುಕಾಗದ ಎಷ್ಟು ಹೊಡೆದರೂ ತಡೆದುಕೊಳ್ಳುತ್ತದೆ. ಈ ಹಾಳೆ ಒಂದು ಮಿಲಿಮೀಟರಿಗೂ ಕಡಿಮೆ.

ಬಿಳಿ ಉಂಗುರ ವಾರ್ನಿಷ್ಷಿನದೋ ಅದರ ಕೆಳಗಿನದೋ ಎಂಬುದು ಮುಖ್ಯ ಪ್ರಶ್ನೆಯಾಗಿತ್ತು. ಭೂತಗನ್ನಡಿ ಹಿಡಿದು ನೋಡಿದಾಗ ವಾರ್ನಿಷ್ಷಿನ ಬಿರುಕುಗಳು ಉಂಗುರದ ಮೇಲೆ ಹಾದುಹೋಗಿದ್ದವು, ಉಂಗುರ ಕೆಳಗೆ ಅಖಂಡವಾಗಿತ್ತು. ಅಂದರೆ ಲೋಟ ಇಟ್ಟದ್ದು 1996ಕ್ಕೂ ಮೊದಲು, ಮೂಲ ಪಾಲಿಷ್ಷಿನ ಮೇಲೆ. ಬಿಸಿ ಮತ್ತು ತೇವ ಅರಗಿನ ಪದರಕ್ಕೆ ಇಳಿದಾಗ ಅದು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಮರಕ್ಕೆ ಏನೂ ಆಗಿರುವುದಿಲ್ಲ. ಕಪ್ಪು ಕಲೆಯ ಸಂಗತಿ ಬೇರೆ: ನೀರು ಸೋಕಿದ ಕಬ್ಬಿಣ ಮರದ ಒಗರಿನೊಡನೆ ಸೇರಿ ಮಸಿಯಾಗುತ್ತದೆ, ಅದು ಮರದ ಒಳಗೇ ಇರುತ್ತದೆ. ಬಿಳಿ ಕಲೆ ಕಂಡವರು ಮರ ಹಾಳಾಯಿತೆಂದು ಉಜ್ಜಲು ಹೊರಡುತ್ತಾರೆ. ಉಜ್ಜುವುದು ಬೇಕೇ ಇಲ್ಲ.

ಯಂತ್ರವನ್ನು ಬಿಚ್ಚಿದ ವಿವರಕ್ಕೆ ಹೋಗುವುದಿಲ್ಲ. ಪ್ಲಗ್ ಕಿತ್ತು, ಮುಳ್ಳಿನ ತಲೆಯನ್ನು ಮೊದಲು ತೆಗೆದು ಡಬ್ಬಿಯಲ್ಲಿಟ್ಟು, ತಂತಿಗಳಿಗೆ ಚೀಟಿ ಅಂಟಿಸಿ, ಆಮೇಲೆ ಉಳಿದದ್ದನ್ನು ಎತ್ತಬೇಕು. ಯಂತ್ರ ಎತ್ತಿದ ಮೇಲೆ ಪೀಠದ ಹೊಟ್ಟೆ ಕಂಡಿತು. ಚೌಕಟ್ಟಿನ ನಾಲ್ಕು ಮೂಲೆಗಳಲ್ಲಿ, ಸೇರುವ ಎರಡೆರಡು ತುಂಡುಗಳ ಮೇಲೂ ಸೀಸದ ಕಡ್ಡಿಯಲ್ಲಿ ೧, ೨, ೩, ೪ ಎಂದು ಬರೆದಿತ್ತು. ಯಾವ ತುಂಡು ಯಾವುದಕ್ಕೆ ಎಂಬ ಗುರುತು. ಅರ್ಧ ಶತಮಾನ ಬೆಳಕು ಕಾಣದ ಆ ಅಂಕಿಗಳು ನಿನ್ನೆ ಬರೆದಷ್ಟು ಸ್ಪಷ್ಟವಾಗಿದ್ದವು. ೩ ಎಂದಿದ್ದ ಮೂಲೆಯನ್ನು ಎರಡೂ ಕೈಯಲ್ಲಿ ಹಿಡಿದು ಅದುಮಿದಾಗ ಸಣ್ಣಗೆ ಕಿರ್ ಎಂದಿತು. ಹಾಳೆ ಎದ್ದಿದ್ದ ಮೂಲೆಯೇ ಅದು. ಒಳಗಿನ ಬೆಸುಗೆ ಸಡಿಲವಾಗಿ, ಪೆಟ್ಟಿಗೆಯನ್ನು ಎತ್ತಿಟ್ಟಾಗಲೆಲ್ಲ ಆ ಮೂಲೆ ಕದಲಿ, ಮಳೆಗಾಲದ ತೇವ ಒಳಗೆ ನುಗ್ಗಿ ಹಾಳೆಯನ್ನು ಎಬ್ಬಿಸಿತ್ತು. ಹೊರಗಿನಿಂದ ಅಂಟು ಸುರಿದು ಒತ್ತಿಬಿಟ್ಟಿದ್ದರೆ ಎರಡು ವರ್ಷದಲ್ಲಿ ಮತ್ತೆ ಎದ್ದಿರುತ್ತಿತ್ತು.

ಸ್ಪಿರಿಟ್ ಹೇಳಿದ್ದು

ಮರದ ಹಳೆಯ ಸಾಮಾನು ಕೈಗೆ ಬಂದರೆ ನಾನು ಮೊದಲು ಮಾಡುವುದು ಮೂರು ಹತ್ತಿಯ ಉಂಡೆಗಳ ಪರೀಕ್ಷೆ. ಕಣ್ಣಿಗೆ ಬೀಳದ ಜಾಗದಲ್ಲಿ ಒಂದು ಉಂಡೆಯಲ್ಲಿ ಟರ್ಪಂಟೈನ್, ಒಂದರಲ್ಲಿ ಸ್ಪಿರಿಟ್, ಒಂದರಲ್ಲಿ ಥಿನ್ನರ್ ಸೋಕಿಸಿ ನೋಡುವುದು. ಟರ್ಪಂಟೈನಿಗೆ ಮೇಣ ಮತ್ತು ಜಿಡ್ಡು ಮಾತ್ರ ಬಿಡುತ್ತದೆ. ಸ್ಪಿರಿಟ್ಟಿಗೆ ನಿಮಿಷದೊಳಗೆ ಅಂಟಂಟಾದರೆ ಅದು ಅರಗು. ಥಿನ್ನರಿಗೆ ಮಾತ್ರ ಕರಗಿದರೆ ಸಿಂಪಡಿಸಿದ ಲ್ಯಾಕರ್. ಯಾವುದಕ್ಕೂ ಜಗ್ಗದಿದ್ದರೆ ಎಣ್ಣೆಯ ವಾರ್ನಿಷ್ ಅಥವಾ ಈಚಿನ ಪ್ಲಾಸ್ಟಿಕ್ ಜಾತಿಯ ಪಾಲಿಷ್. ಪೀಠದ ಮೇಲಿನ ಕಂದು ಪದರ ಸ್ಪಿರಿಟ್ಟಿಗೆ ಜಗ್ಗಲಿಲ್ಲ. ಯಂತ್ರದ ಫಲಕದ ಅಡಿಯಲ್ಲಿ ಮುಚ್ಚಿಹೋಗಿದ್ದ, 1996ರ ಬ್ರಷ್ ಮುಟ್ಟದ ಅಂಚಿನಲ್ಲಿ ಮಾತ್ರ ಹತ್ತಿ ಕೂಡಲೇ ಅಂಟಿಕೊಂಡಿತು. ಅಲ್ಲಿ ಮೂಲ ಅರಗು ಜೇನಿನ ಬಣ್ಣದಲ್ಲಿ ಹಾಗೇ ಉಳಿದಿತ್ತು. ಮುಗಿದಾಗ ಇಡೀ ಪೀಠ ಹೇಗೆ ಕಾಣಬೇಕೆಂಬುದಕ್ಕೆ ಆ ಬೆರಳಗಲದ ಅಂಚೇ ನನಗೆ ಮಾದರಿಯಾಯಿತು.

ಕೆಳಗೆ ಅರಗು, ಮೇಲೆ ವಾರ್ನಿಷ್. ಕೆಳಗಿನದು ಸ್ಪಿರಿಟ್ಟಿಗೆ ಮೆತ್ತಗಾಗುತ್ತದೆ, ಮೇಲಿನದು ಆಗುವುದಿಲ್ಲ, ಆದರೆ ಮೈತುಂಬ ಬಿರುಕಿದೆ. ಬಿರುಕುಗಳ ಮೂಲಕ ಸ್ಪಿರಿಟ್ ಇಳಿದರೆ ವಾರ್ನಿಷ್ ತಾನು ಹಿಡಿದುಕೊಂಡಿದ್ದ ನೆಲವನ್ನೇ ಕಳೆದುಕೊಳ್ಳುತ್ತದೆ. ಹತ್ತಿಬಟ್ಟೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಹಿಂಡಿ, ಅಂಗೈ ಅಗಲದ ಜಾಗದ ಮೇಲೆ ಹಾಸಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ಹತ್ತು ನಿಮಿಷ ಬಿಟ್ಟೆ. ತೆಗೆದು ಗಾಜಿನಂಚಿನಿಂದ ಮೆಲ್ಲಗೆ ನೂಕಿದಾಗ ವಾರ್ನಿಷ್ ಹಪ್ಪಳದ ಹಾಗೆ ಎದ್ದು ಬಂತು. ಕೆಳಗೆ ಬೀಟೆಯ ಕಪ್ಪು ಕೆನ್ನೀಲಿ ಎಳೆಗಳು. ಆ ಕ್ಷಣದ ಸಂತೋಷ ಈ ಕೆಲಸ ಮಾಡಿದವರಿಗೆ ಗೊತ್ತು.

ಗಾಜಿನಂಚಿನ ಬಗ್ಗೆ ಒಂದು ಮಾತು. ನಮ್ಮ ಬಡಗಿಗಳು ಹಿಂದಿನಿಂದಲೂ ಪಾಲಿಷ್ ಕೆರೆಯಲು ಒಡೆದ ಗಾಜಿನ ಚೂರು ಬಳಸುತ್ತಾರೆ. ನಾನು ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಕೆಳಗಿಡುವ ಗಾಜಿನ ಪಟ್ಟಿಗಳನ್ನು ಕೊಳ್ಳುತ್ತೇನೆ. ಗೀರಿ ಮುರಿದರೆ ನೇರವಾದ, ಹೊಚ್ಚ ಹರಿತದ ಅಂಚು ಸಿಗುತ್ತದೆ. ಹೆಬ್ಬೆರಳಿನಿಂದ ಒಂದಿಷ್ಟು ಮುಂದಕ್ಕೆ ವಾಲಿಸಿ, ಎಳೆಯ ದಿಕ್ಕಿನಲ್ಲಿ ಎಳೆದರೆ ಪಾಲಿಷ್ ಪುಡಿಯಾಗದೆ ಸುರುಳಿ ಸುರುಳಿಯಾಗಿ ಬರುತ್ತದೆ. ಪುಡಿ ಬರಲು ತೊಡಗಿದರೆ ಅಂಚು ಮೊಂಡಾಯಿತೆಂದು ಅರ್ಥ. ಬೆರಳಿಗೆ ದಪ್ಪ ಟೇಪ್ ಸುತ್ತಿಕೊಳ್ಳಲೇಬೇಕು. ಬೀಟೆಯ ಪುಡಿ ಕೆಲವರ ಚರ್ಮಕ್ಕೂ ಶ್ವಾಸಕ್ಕೂ ಆಗುವುದಿಲ್ಲ. ಉಪ್ಪುಕಾಗದವನ್ನು ದೂರ ಇಡಲು ಅದೂ ಒಂದು ಕಾರಣ.

ಕೈ ತಪ್ಪಿದ ಜಾಗ

ಎರಡನೆಯ ದಿನ, ಎಡ ಮುಂಭಾಗದಲ್ಲಿ ಬಟ್ಟೆ ಹಾಸಿದ್ದೆ. ಈ ಸಲ ಅದು ಹಲಸಿನ ಗೆರೆಯನ್ನು ದಾಟಿ ಅಂಚಿನವರೆಗೂ ಬಂದಿತ್ತು. ಅಷ್ಟರಲ್ಲಿ ಫೋನ್ ಬಂತು. ಮಾತು ಮುಗಿಸಿ ಬರುವಷ್ಟರಲ್ಲಿ ಹತ್ತು ನಿಮಿಷದ ಬದಲು ಇಪ್ಪತ್ತೈದು ನಿಮಿಷವಾಗಿತ್ತು. ಬಟ್ಟೆ ಎತ್ತಿದೆ. ನೇರಳೆ ಹಣ್ಣು ಹಿಂಡಿದ ಹಾಗಿತ್ತು ಬಟ್ಟೆ. ಅದರಡಿಯಲ್ಲಿ ಹಳದಿ ಗೆರೆ ಎರಡೂವರೆ ಅಂಗುಲದಷ್ಟು ಉದ್ದಕ್ಕೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು.

ಬೀಟೆಯ ಬಣ್ಣವಿರುವುದು ಅದರ ರಾಳದಲ್ಲಿ, ಆ ರಾಳ ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಕರಗಿದ್ದು ಪಕ್ಕದಲ್ಲಿ ಯಾವ ಮರ ಬಾಯಾರಿ ಕುಳಿತಿದೆಯೋ ಅದರೊಳಗೆ ಇಳಿಯುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಬರೀ ಬೀಟೆಯ ಕುರ್ಚಿ, ಮೇಜುಗಳಲ್ಲಿ ಕೆಲಸ ಮಾಡಿ ಮಾಡಿ, ಪಕ್ಕದಲ್ಲಿ ತಿಳಿ ಮರ ಇದ್ದಾಗ ಏನಾಗುತ್ತದೆಂಬ ಎಚ್ಚರ ಕೈಗೆ ಇಳಿದಿರಲಿಲ್ಲ.

ನನಗೆ ಈ ಕೆಲಸ ಕಲಿಸಿದ ಆಚಾರ್ಯರಿಗೆ ಫೋನ್ ಮಾಡಿದೆ. "ಆಚಾರ್ಯರೇ, ಹಲಸಿನ ಗೆರೆ ಕೆಂಪಾಗಿಬಿಟ್ಟಿತು."

"ಬೀಟೆಗೆ ಅಷ್ಟು ಹೊತ್ತು ಸ್ಪಿರಿಟ್ ಕುಡಿಸಿದರೆ ಬಣ್ಣ ಕಕ್ಕದೆ ಇನ್ನೇನು ಮಾಡುತ್ತದೆ? ಈಗ ಉಜ್ಜಬೇಡಿ. ಉಜ್ಜಿದರೆ ಇನ್ನೂ ಒಳಕ್ಕೆ ಹೋಗುತ್ತದೆ. ಮೇಲಕ್ಕೆ ಎಳೆಯಿರಿ."

ಎಳೆಯುವುದೆಂದರೆ ಇದು: ಸೀಮೆಸುಣ್ಣದ ನುಣುಪು ಪುಡಿಯನ್ನು ಸ್ಪಿರಿಟ್ಟಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸುವುದು, ಗೆರೆಯ ಎರಡೂ ಬದಿಯ ಬೀಟೆಗೆ ಟೇಪ್ ಅಂಟಿಸಿ, ಗೆರೆಯ ಮೇಲೆ ಮಾತ್ರ ಸಣ್ಣ ಕುಂಚದಿಂದ ಅದನ್ನು ಏರಿಸುವುದು, ಒಣಗುವವರೆಗೆ ಕಾಯುವುದು. ಸ್ಪಿರಿಟ್ ಆರುತ್ತ ಮೇಲಕ್ಕೆ ಬರುವಾಗ ಬಣ್ಣವನ್ನೂ ಜೊತೆಗೆ ತರುತ್ತದೆ. ಮೊದಲ ಸಲ ಪುಡಿ ಗುಲಾಬಿಯಾಯಿತು. ಎರಡನೆಯ ಸಲ ತೆಳು ಗುಲಾಬಿ. ಮೂರನೆಯ ಸಲ ಹೆಚ್ಚೇನೂ ಬರಲಿಲ್ಲ. ಉಳಿದದ್ದನ್ನು ಗಾಜಿನಂಚಿನಿಂದ ಕೂದಲೆಳೆಯಷ್ಟು ಕೆರೆದೆ. ಮತ್ತೂ ಕೆರೆಯಬಹುದಿತ್ತು, ಆದರೆ ಗೆರೆ ಬೀಟೆಗಿಂತ ತಗ್ಗಿದರೆ ಬೆರಳಿಗೆ ತಗಲುತ್ತದೆ, ಧೂಳು ಕೂರುತ್ತದೆ. ನಿಲ್ಲಿಸಿದೆ. ಇವತ್ತಿಗೂ ಆ ಎರಡೂವರೆ ಅಂಗುಲ ಉಳಿದ ಗೆರೆಗಿಂತ ಒಂದು ಛಾಯೆ ಕೆಂಪಗಿದೆ.

ಅಲ್ಲಿಂದ ಮುಂದೆ ಕೆಲಸದ ಕ್ರಮವನ್ನೇ ಬದಲಿಸಿದೆ. ಗೆರೆಯ ಮೇಲೂ ಅದರ ಇಕ್ಕೆಲದ ಅರ್ಧ ಅಂಗುಲದಲ್ಲೂ ಸ್ಪಿರಿಟ್ ಸೋಕಿಸದೆ ಒಣ ಗಾಜಿನಿಂದಲೇ ವಾರ್ನಿಷ್ ಕೆರೆದೆ. ತೆರೆದ ಗೆರೆಗೆ ಕೂಡಲೇ ಮೂರು ಕೈ ಅರಗು ಹಚ್ಚಿ, ಅದರ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿದೆ. ಆಮೇಲಷ್ಟೇ ಬೀಟೆಯ ಉಳಿದ ಭಾಗಕ್ಕೆ ಬಟ್ಟೆ ಹಾಸಿದ್ದು, ಅದೂ ಏಳೇ ನಿಮಿಷ, ಕೈಗಡಿಯಾರ ಎದುರಿಗಿಟ್ಟುಕೊಂಡು. ಎರಡು ದಿನದ ಕೆಲಸ ಆರು ದಿನವಾಯಿತು. ಬೀಟೆ ಮತ್ತು ತಿಳಿ ಬಣ್ಣದ ಮರ ಒಟ್ಟಿಗಿರುವ ಯಾವುದೇ ಸಾಮಾನಿಗೆ ಈಗ ಇದೇ ನನ್ನ ಕ್ರಮ.

ಮೂಲೆಗಳು

೩ನೆಯ ಮೂಲೆಯ ಬೆಸುಗೆಯಲ್ಲಿದ್ದದ್ದು ಮರವಜ್ರ, ಅಂದರೆ ದನದ ಚರ್ಮ, ಮೂಳೆ ಕುದಿಸಿ ತೆಗೆದ ಹಳೆಯ ಕಾಲದ ಅಂಟು. ಅದರ ದೊಡ್ಡ ಗುಣವೆಂದರೆ ಬಿಸಿ ಮತ್ತು ತೇವ ಕೊಟ್ಟರೆ ಐವತ್ತು ವರ್ಷದ ಮೇಲೂ ಮತ್ತೆ ಮೆತ್ತಗಾಗುತ್ತದೆ. ಹಳೆಯದನ್ನು ಒದ್ದೆ ಬಟ್ಟೆ, ಬಿಸಿನೀರಿನಿಂದ ತೊಳೆದು, ಅದೇ ಜಾತಿಯ ಹೊಸ ಅಂಟು ಹಾಕಿದೆ. ಹರಳುಗಳನ್ನು ರಾತ್ರಿ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು, 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗಿಸಬೇಕು. ಕುದಿಸಿದರೆ ಬಲ ಹೋಗುತ್ತದೆ. ಬಿಳಿ ಅಂಟು ಬಳಸಿದರೆ ಕೆಲಸ ಬೇಗ ಆಗುತ್ತಿತ್ತು ನಿಜ. ಆದರೆ ಮರವಜ್ರದ ಪಳೆಯುಳಿಕೆಯ ಮೇಲೆ ಅದು ಸರಿಯಾಗಿ ಹಿಡಿಯುವುದಿಲ್ಲ, ನಾಳೆ ಯಾರಾದರೂ ಬಿಚ್ಚಬೇಕೆಂದರೆ ಮರ ಒಡೆಯದೆ ಬಿಚ್ಚಲಾಗುವುದಿಲ್ಲ.

ಎದ್ದ ಹಾಳೆಗೂ ಅದೇ ಅಂಟನ್ನು ಸಿರಿಂಜಿನಿಂದ ಒಳಕ್ಕೆ ಬಿಟ್ಟು, ಮೇಲೆ ಬೆಣ್ಣೆ ಕಾಗದ, ಅದರ ಮೇಲೆ ಒದ್ದೆ ಬಟ್ಟೆಯಿಟ್ಟು ಇಸ್ತ್ರಿಪೆಟ್ಟಿಗೆಯನ್ನು ಕ್ಷಣ ಹೊತ್ತು ಒತ್ತಿದೆ. ಒಳಗೆ ಉಳಿದಿದ್ದ ಹಳೆಯ ಅಂಟೂ ಎಚ್ಚೆತ್ತು ಹಿಡಿಯಿತು. ಮರದ ಅಡೆಕೊಟ್ಟು ಬಿಗಿದು ಒಂದು ದಿನ ಬಿಟ್ಟೆ.

ಬಲ ಹಿಂದಿನ ಮೂಲೆಗೆ ಬೀಟೆಯ ತೇಪೆ ಬೇಕಿತ್ತು. ಬೀಟೆ ಈಗ ಸುಲಭದ ಮರವಲ್ಲ. ಡಾಲ್ಬರ್ಜಿಯಾ ಕುಲದ ಬಹುತೇಕ ಮರಗಳು 2017ರಿಂದ, ಅಪಾಯದಲ್ಲಿರುವ ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ, ನಮ್ಮ ಬೀಟೆಯೂ ಅದರಲ್ಲಿ ಸೇರಿದೆ. ಒಂದು ನಾಣ್ಯದಗಲದ ಹಾಳೆ ಉಜ್ಜಿಹೋದರೆ ಅದನ್ನು ತುಂಬುವುದು ಎಷ್ಟು ಕಷ್ಟವೆಂದು ವಾರ್ನಿಷ್ ಹೊಡೆದವರಿಗೆ ಗೊತ್ತಿದ್ದಿದ್ದರೆ ಬಹುಶಃ ಅವರ ಕೈ ತಡೆಯುತ್ತಿತ್ತು. ಕುಸುರಿ ಕೆಲಸದ ಪರಿಚಯದವರೊಬ್ಬರು ಕಸದ ಡಬ್ಬದಲ್ಲಿದ್ದ ತುಂಡುಗಳನ್ನು ಆರಿಸಿಕೊಳ್ಳಲು ಬಿಟ್ಟರು. ಎಳೆಯ ಓಟ ಹೊಂದುವ ಒಂದನ್ನು ಹುಡುಕಲು ಒಂದು ಮಧ್ಯಾಹ್ನ ಹಿಡಿಯಿತು. ತೇಪೆಯನ್ನು ಚೌಕವಾಗಿ ಕತ್ತರಿಸಿದರೆ ಎಳೆಗೆ ಅಡ್ಡ ಬರುವ ಅಂಚು ಕಣ್ಣಿಗೆ ಹೊಡೆಯುತ್ತದೆ. ಎರಡೂ ತುದಿ ಚೂಪಾದ ದೋಣಿಯ ಆಕಾರದಲ್ಲಿ, ಎಳೆಯ ಉದ್ದಕ್ಕೆ ಕತ್ತರಿಸಿ ಕೂರಿಸಿದೆ. ಕೂದಲಗಲದ ಸಂದಿಗೆ ಅರಗಿನಲ್ಲಿ ಕಾವಿ ಮತ್ತು ದೀಪದ ಮಸಿ ಕಲಸಿ ತುಂಬಿದೆ.

ಹಿಂಬದಿಯ ಕಪ್ಪು ಕಲೆಗೆ ಆಕ್ಸಾಲಿಕ್ ಆಮ್ಲದ ನೀರನ್ನು ಎರಡು ಸಲ ಹಚ್ಚಿ, ಚೆನ್ನಾಗಿ ತೊಳೆದು ಒಣಗಿಸಿದೆ. ಅದು ವಿಷ, ಕೈಗವಸು ಬೇಕೇ ಬೇಕು. ಕಬ್ಬಿಣದ ತಿರುಪುಗಳ ಜಾಗಕ್ಕೆ ಹಿತ್ತಾಳೆಯವು ಬಂದವು. ಯಂತ್ರದ ನಡುವಿನ ಬೇರಿಂಗ್‌ನಿಂದ ವರ್ಷಗಟ್ಟಲೆ ತೊಟ್ಟಿಕ್ಕಿದ ಎಣ್ಣೆ ಒಳ ಹಲಗೆಗೆ ಇಳಿದಿತ್ತು; ಅದಕ್ಕೂ ಸೀಮೆಸುಣ್ಣದ ಪುಡಿಯೇ, ಈ ಸಲ ಟರ್ಪಂಟೈನಿನಲ್ಲಿ ಕಲಸಿದ್ದು.

ಪೀಠ ಬಿಚ್ಚಿಕೊಂಡಿದ್ದಾಗ ಸ್ನೇಹಿತರೊಬ್ಬರು ಬಂದು, ಈ ಟೊಳ್ಳು ಪೆಟ್ಟಿಗೆಯನ್ನು ಕಪಾಟಿನಲ್ಲಿಟ್ಟು, ಪ್ಲೈವುಡ್ ಪದರ ಪದರವಾಗಿ ಅಂಟಿಸಿದ ಭಾರದ ಪೀಠವನ್ನು ಹೊಸದಾಗಿ ಮಾಡಿಸಿ ಎಂದರು. ಅವರ ಮಾತಿನಲ್ಲಿ ಹುರುಳಿದೆ. ರಬ್ಬರ್ ಚಕ್ರದ ಯಂತ್ರಗಳಲ್ಲಿ ಮೋಟಾರಿನ ನಡುಕ ತಟ್ಟೆಗೂ ಪೀಠಕ್ಕೂ ಹೋಗಿ, ಮುಳ್ಳಿನ ಮೂಲಕ ಸ್ಪೀಕರಿನಲ್ಲಿ ಗುಂಯ್ ಎನ್ನುತ್ತದೆ. ಭಾರದ ಪೀಠ ಅದನ್ನು ನುಂಗುತ್ತದೆ. ಇದಕ್ಕಾಗಿ ಕಲ್ಲಿನ ಪೀಠ ಮಾಡಿಸಿಕೊಂಡವರೂ ಇದ್ದಾರೆ. ಆದರೆ ದೊಡ್ಡಪ್ಪ ಕೇಳಿದ್ದು ಇದೇ ಪೆಟ್ಟಿಗೆಯನ್ನು. ಮೇಲಿನ ಹಲಗೆಯ ಅಡಿಗೆ ಎರಡು ಸಾಗುವಾನಿ ಪಟ್ಟಿಗಳನ್ನು ಅಡ್ಡಲಾಗಿ ಕೊಟ್ಟೆ, ಅಂಟಿಲ್ಲದೆ, ಬರೀ ತಿರುಪಿನಿಂದ, ಬೇಡವೆಂದವರು ಬಿಚ್ಚಬಹುದು. ೩ನೆಯ ಮೂಲೆ ಗಟ್ಟಿಯಾದದ್ದೂ ಸೇರಿ, ಮೊದಲು ಹಾಡು ಹಾಡಿನ ನಡುವಿನ ಮೌನದಲ್ಲಿ ಕೇಳುತ್ತಿದ್ದ ಗುಂಯ್ ಈಗ ಸ್ಪೀಕರಿಗೆ ಕಿವಿ ಹಚ್ಚಿದರೆ ಮಾತ್ರ ಕೇಳುತ್ತದೆ.

ಅರಗು

ಅರಗು ಒಂದು ಪುಟ್ಟ ಕೀಟದ ಸ್ರಾವ. ಮುತ್ತುಗ, ಬೋರೆ, ನಮ್ಮ ಹಳೆ ಮೈಸೂರು ಕಡೆ ಜಾಲಾರಿ, ಇಂಥ ಮರಗಳ ಎಳೆ ಕೊಂಬೆಗಳ ಮೇಲೆ ಅದು ಗಟ್ಟಿಯಾಗುತ್ತದೆ. ಚನ್ನಪಟ್ಟಣದ ಗೊಂಬೆಗಳ ಮೈಹೊಳಪು ಅದರದೇ. ದೊಡ್ಡಪ್ಪನವರ ಬಳಿ ಅವರ ತಂದೆ ಕೊಂಡ, ನಿಮಿಷಕ್ಕೆ 78 ಸುತ್ತಿನ ಒಂದು ಕಟ್ಟು ರೆಕಾರ್ಡ್‌ಗಳಿವೆ. ಅವೂ ಅರಗಿನವೇ: ಅರಗಿಗೆ ಕಲ್ಲಿನ ಪುಡಿ, ಮಸಿ ಬೆರೆಸಿ ಒತ್ತಿದವು. ವಿನೈಲ್ ಬರುವವರೆಗೆ ಲೋಕದ ರೆಕಾರ್ಡ್ ಸಂಗೀತದ ಬಹುಪಾಲು ಈ ಕೀಟದ ಬೆನ್ನ ಮೇಲೆ ಸವಾರಿ ಮಾಡಿತ್ತು. ಹಾಗಾಗಿ ಪೀಠದ ಮೇಲಿನ ಪದರವೂ ಅದರ ಮೇಲೆ ತಿರುಗುವ ಈ ರೆಕಾರ್ಡ್‌ಗಳೂ ಒಂದೇ ಮೂಲದವು ಎಂಬುದು ನನಗೆ ತುಂಬ ಹಿಡಿಸಿದ ಸಂಗತಿ. ಇದರಲ್ಲಿ ಒಂದು ಎಚ್ಚರಿಕೆಯೂ ಇದೆ. ಅರಗಿನ ರೆಕಾರ್ಡ್‌ಗಳನ್ನು ಸ್ಪಿರಿಟ್ಟಿನಿಂದ ಒರೆಸಿದರೆ ಹಾಡೇ ಕರಗಿಹೋಗುತ್ತದೆ. ಪಾಲಿಷ್ ನಡೆಯುವ ಕೋಣೆಗೆ ಅವನ್ನು ತರಲೇಬಾರದು.

ತೆಳು ಚೂರುಗಳಾಗಿ ಸಿಗುವ ಚಪಡಾ ಅರಗು 120 ಗ್ರಾಂ, ಸ್ಪಿರಿಟ್ ಒಂದು ಲೀಟರ್, ಇದು ನನ್ನ ಅಳತೆ. ಒಂದು ರಾತ್ರಿ ಬಿಟ್ಟು, ತೆಳು ಬಟ್ಟೆಯಲ್ಲಿ ಸೋಸಬೇಕು. ಬಾಟಲಿಯ ಮೇಲೆ ಕಲಸಿದ ದಿನ ಬರೆದಿಡಬೇಕು; ಆರು ತಿಂಗಳು ಕಳೆದ ಅರಗು ಎಷ್ಟು ದಿನವಾದರೂ ಗಟ್ಟಿಯಾಗದೆ ಅಂಟುತ್ತಲೇ ಇರುತ್ತದೆ. ಸ್ಪಿರಿಟ್ಟಿನಲ್ಲಿ ನೀರು ಹೆಚ್ಚಿದ್ದರೆ ಪದರ ಬೆಳ್ಳಗಾಗುತ್ತದೆ, ಆದ್ದರಿಂದ ಬಾಯಿ ತೆರೆದಿಟ್ಟ ಡಬ್ಬಿಯದನ್ನು ಬಳಸುವುದಿಲ್ಲ.

ಹತ್ತಿಯನ್ನು ನಿಂಬೆಹಣ್ಣಿನ ಗಾತ್ರಕ್ಕೆ ಉಂಡೆ ಮಾಡಿ, ಒಗೆದು ಒಗೆದು ಮೆತ್ತಗಾದ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಬೇಕು. ಅರಗನ್ನು ಗಂಟಿನ ಒಳಗಿನ ಹತ್ತಿಗೆ ಕುಡಿಸಬೇಕು, ಹೊರಗಿನ ಬಟ್ಟೆಗಲ್ಲ. ಕೆನ್ನೆಗೆ ಒತ್ತಿದರೆ ತಂಪು ತಿಳಿಯಬೇಕು, ಒದ್ದೆಯಾಗಬಾರದು ಎನ್ನುತ್ತಿದ್ದರು ಆಚಾರ್ಯರು. ವಿಮಾನ ನೆಲಕ್ಕಿಳಿದು ಮತ್ತೆ ಏರುವಂತೆ ಅಂಚಿನಾಚೆಯಿಂದ ಬಂದು, ಉದ್ದಕ್ಕೆ ಜಾರಿ, ಇನ್ನೊಂದು ಅಂಚಿನಾಚೆ ಎತ್ತಬೇಕು. ನಡುವೆ ನಿಂತರೆ ಅಲ್ಲೇ ಹಿಡಿದು ಕಲೆಯಾಗುತ್ತದೆ. ಈ ಪೀಠದಲ್ಲಿ ಇನ್ನೊಂದು ಅಂಕೆ ಇತ್ತು: ಅರಗಿನಲ್ಲಿರುವುದೂ ಸ್ಪಿರಿಟ್ಟೇ, ತೊಯ್ಯುವಷ್ಟು ಹಚ್ಚಿದರೆ ಬೀಟೆಯ ಬಣ್ಣ ಮತ್ತೆ ಗೆರೆಗೆ ಇಳಿಯುತ್ತದೆ. ಮೊದಲ ಹತ್ತು ಕೈಗಳನ್ನು ಗೆರೆಯ ಉದ್ದಕ್ಕೇ, ಎಂದೂ ಅಡ್ಡಕ್ಕಲ್ಲ, ಗಂಟನ್ನು ಬಹುಪಾಲು ಒಣಗಿಸಿಕೊಂಡು ಹಚ್ಚಿದೆ. ಗಂಟು ಜಾರದೆ ಅಂಟಿ ಎಳೆಯತೊಡಗಿದಾಗ ತೊಟ್ಟು ಅಗಸೆ ಎಣ್ಣೆ. ಆ ಎಣ್ಣೆ ಸೋಕಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯಬಾರದು, ಒಳಗೇ ಬಿಸಿಯೇರಿ ತಾನಾಗಿ ಹೊತ್ತಿಕೊಳ್ಳುತ್ತದೆ. ಹಗ್ಗದ ಮೇಲೆ ಬಿಡಿಸಿ ಒಣಹಾಕಿ.

ಮಳೆಗಾಲವಾದ್ದರಿಂದ ತೇವಮಾಪಕ ಶೇಕಡಾ 70 ದಾಟಿದ ದಿನ ಗಂಟು ಕೈಗೆತ್ತಿಕೊಳ್ಳಲಿಲ್ಲ. ಐದನೆಯ ದಿನ ಲೆಕ್ಕ ತಪ್ಪಿತು. ಬಿಸಿಲಿದೆಯೆಂದು ಶುರು ಮಾಡಿದೆ, ಅರ್ಧ ಹಚ್ಚುವಷ್ಟರಲ್ಲಿ ಮೋಡ ಕವಿದು ಮಳೆ ಹೊಡೆಯಿತು. ಕಣ್ಣೆದುರಿಗೇ ಮೇಲ್ಮೈಗೆ ಮಂಜು ಮುಸುಕಿತು. ಏನೂ ಮಾಡದೆ ಬಟ್ಟೆ ಮುಚ್ಚಿ ಬಿಟ್ಟೆ. ಮರುದಿನ ಮಧ್ಯಾಹ್ನ ಒಣ ಹವೆಯಲ್ಲಿ, ತೊಟ್ಟೇ ತೊಟ್ಟು ಸ್ಪಿರಿಟ್ ಸೋಕಿದ ಗಂಟನ್ನು ಮೇಲಿಂದ ಹಾರಿಸಿದಂತೆ ಆಡಿಸಿದಾಗ ಮಂಜು ಕರಗಿತು. ಲೋಟದ ಬಿಳಿ ಉಂಗುರಗಳು ಹಳೆಯ ಅರಗಿನ ಜೊತೆಯಲ್ಲೇ ಹೋಗಿದ್ದವು. ಹಚ್ಚಬಲ್ಲ ದಿನ ಸಿಕ್ಕಿದ್ದು ಒಟ್ಟು ಒಂಬತ್ತು. ಆಮೇಲೆ ಎರಡು ವಾರ ಮುಟ್ಟದೆ ಬಿಟ್ಟು, ಜೇನುಮೇಣವನ್ನು ಟರ್ಪಂಟೈನಿನಲ್ಲಿ ಕರಗಿಸಿ ತೆಳುವಾಗಿ ಹಚ್ಚಿ ಒರೆಸಿದೆ. ಬೀಟೆಯ ರಂಧ್ರಗಳನ್ನು ಪೂರ್ತಿ ತುಂಬಿ ಕನ್ನಡಿ ಮಾಡಲಿಲ್ಲ. ಫಲಕದಡಿಯ ಮೂಲ ಅಂಚು ಕನ್ನಡಿಯಾಗಿರಲಿಲ್ಲ.

ಜುಲೈ ಕೊನೆಯಲ್ಲಿ ಯಂತ್ರ ಕೂರಿಸಿ ಮನೆಗೆ ಒಯ್ದೆ. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಅಂಗೈಯನ್ನು ಮೇಲೆಲ್ಲ ಆಡಿಸಿದರು. ಬೆರಳು ಎಡ ಮುಂಭಾಗಕ್ಕೆ ಬಂದು ನಿಂತಿತು. "ಇಲ್ಲಿ ಗೆರೆ ಕೆಂಪಗಿದೆ. ಮೊದಲು ಹೀಗಿರಲಿಲ್ಲ." ನಡೆದದ್ದನ್ನು ನಡೆದ ಹಾಗೆ ಹೇಳಿದೆ. ತೆಗೆಯಲಾಗುವುದಿಲ್ಲವೇ ಎಂದು ಕೇಳಿದರು. ಇನ್ನಷ್ಟು ಕೆರೆದರೆ ಗೆರೆ ತಗ್ಗುತ್ತದೆ, ಆ ಭಾಗವನ್ನೇ ಕಿತ್ತು ಹೊಸ ಹಲಸು ಕೂರಿಸಬಹುದು, ಆದರೆ ಹೊಸ ಹಲಸು ಎಳೆ ಹಳದಿ, ಇದರ ಬಣ್ಣಕ್ಕೆ ಮಾಗಲು ವರ್ಷಗಳು ಬೇಕು ಎಂದೆ. ಸ್ವಲ್ಪ ಹೊತ್ತು ಯೋಚಿಸಿ, ಹಾಗೇ ಇರಲಿ ಎಂದರು.

ಮೊನ್ನೆ ಜೂನ್‌ನಲ್ಲಿ, ಒಂದು ಮಳೆಗಾಲ ಪೂರ್ತಿ ಕಳೆದು ಇನ್ನೊಂದು ಶುರುವಾಗುವಾಗ, ಹೋಗಿ ನೋಡಿ ಬಂದೆ. ೩ನೆಯ ಮೂಲೆ ಅಲುಗಾಡುವುದಿಲ್ಲ. ಹಾಳೆ ಕೂತಲ್ಲೇ ಕೂತಿದೆ. ತೇಪೆಯ ಒಂದು ತುದಿಯಲ್ಲಿ ಕೂದಲೆಳೆಯ ಸಂದಿ ಬಿಟ್ಟಿತ್ತು, ಅರಗು ಕಾವಿ ಮತ್ತೆ ತುಂಬಿದೆ. ಮೇಲ್ಮೈಗೆ ವರ್ಷಕ್ಕೊಮ್ಮೆ ಮೇಣ ಸಾಕು. ಪೀಠದ ಹೊಟ್ಟೆಯಲ್ಲಿ, ಸೀಸದ ಕಡ್ಡಿಯ ೧ರ ಪಕ್ಕದಲ್ಲಿ, ಕೆಲಸ ಮುಗಿದ ದಿನವೇ ಒಂದು ಚೀಟಿ ಅಂಟಿಸಿದ್ದೆ. ಅದೂ ಗಟ್ಟಿಯಾಗಿದೆ: "ಮೇಲೆ ಅರಗು, ಅದರ ಮೇಲೆ ಜೇನುಮೇಣ. ಬೆಸುಗೆ ಮರವಜ್ರ. ಬೀಟೆಯ ಹಾಳೆ ಒಂದು ಮಿಲಿಮೀಟರಿಗೂ ತೆಳು, ಉಪ್ಪುಕಾಗದ ಬೇಡ. ಸ್ಪಿರಿಟ್ ಬಳಸುವ ಮೊದಲು ಹಲಸಿನ ಗೆರೆಯನ್ನು ಅರಗಿನಿಂದ ಮುಚ್ಚಿ."